ಅರ್ಧ ಚುಟ್ಟ

ಹುಣಸೂರಿನಾಚೆ, ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿ ಚಿಕ್ಕೀರಯ್ಯ ಅಂತ ಒಬ್ಬರು ವಯಸ್ಸಾದ ಗುರುಗಳಿದ್ದರು. ಗುರು ಅಂದ ಕೂಡಲೇ ಕಾವಿ, ಗಡ್ಡ, ಜಪಮಣಿ ಅಂದ್ಕೋಬೇಡಿ. ಈ ಗುರುಗಳಿಗಿದ್ದದ್ದು ಒಂದು ಹೆಂಚಿನ ಸೂರು, ಒಂದು ಹಲಗೆ, ಒಂದು ಬಾಗಿದ ಚೂರಿ, ಆಮೇಲೆ ಒಂದು ಮೂಗು. ಮೂವತ್ತು ವರ್ಷ ದಿಂಡಿಗಲ್ ಕಡೆ ಸಿಗಾರ್ ಸುತ್ತಿ, ಸುತ್ತಿದ್ದನ್ನ ಸೇದಿ ನೋಡಿ, ಇದು ಇರಲಿ ಇದು ಬೇಡ ಅಂತ ಆರಿಸೋ ಕೆಲಸ ಮಾಡಿ ಬಂದವರು.

ಶಿಷ್ಯ ಒಬ್ಬನೇ, ಧರಣೇಶ. ಮೈಸೂರಿನ ದೊಡ್ಡ ಕ್ಲಬ್ಬೊಂದರಲ್ಲಿ ಅವನಿಗೆ ಕೆಲಸ. ಬಂದ ಸಾಹೇಬರಿಗೆ ಯಾವ ಸಿಗಾರ್ ಹಿಡಿಸುತ್ತೆ, ಅದರ ಜೊತೆಗೆ ವಿಸ್ಕಿ ಸರಿಯೋ, ರಮ್ಮೋ, ಬ್ರಾಂದಿಯೋ ಅಂತ ನೋಡಿ ಕೊಡೋದು. ಇಂಥದ್ದಕ್ಕೂ ಸಂಬಳ ಕೊಡ್ತಾರಾ ಅಂತ ಕೇಳಬೇಡಿ, ಕೊಡ್ತಾರೆ. ಸೋಮವಾರ ಅವನಿಗೆ ರಜೆ. ಸೋಮವಾರ ಬೆಳಗಾಯಿತು ಅಂದರೆ ಅವನ ಬೈಕು ಹೊಳೆ ದಂಡೆಯಲ್ಲಿ ನಿಂತಿರೋದು.

ಮೂರು ವರ್ಷದಲ್ಲಿ ಗುರುಗಳು ಬಾಯಿಬಿಟ್ಟು ಹೇಳಿದ ಪಾಠ ಬೆರಳೆಣಿಕೆಯಷ್ಟು.

ಮೊದಲ ದಿನ ಅಂದದ್ದು, "ಹೊಗೆ ಎದೆಗೆ ಇಳಿಸಬೇಡ. ಬಾಯಲ್ಲಿ ಕೂರಿಸು, ಮಾತಾಡಿಸು, ಕಳಿಸಿಬಿಡು."

ಆಮೇಲೆ ಆರು ತಿಂಗಳು ಬಿಟ್ಟು ಅಂದದ್ದು, "ನೀನು ಬಾಯಿಗಿಟ್ಟು ನೋಡದ್ದನ್ನ ಇನ್ನೊಬ್ಬರ ಕೈಗೆ ಕೊಡಬೇಡ."

ಇನ್ನೊಂದು ಸಲ ಧರಣೇಶನೇ ಕೇಳಿದ್ದ. "ಗುರುಗಳೇ, ಜೋಡಿ ಕೂಡಿತು ಅಂತ ಹೆಂಗೆ ಗೊತ್ತಾಗುತ್ತೆ?"

"ಬಸ್ಸಲ್ಲಿ ಒಂದೇ ಸೀಟಲ್ಲಿ ಇಬ್ಬರು ಕೂತ್ರೆ ಹೆಂಗೆ?"

"ಹೆಂಗೆ ಅಂದ್ರೆ?"

"ಒಬ್ಬ ಇನ್ನೊಬ್ಬನ್ನ ಕಿಟಕಿಗೆ ಒತ್ತಿಬಿಟ್ರೆ ಕೆಟ್ಟ ಜೋಡಿ. ಇಳಿಯೋ ಹೊತ್ತಿಗೆ ಇಬ್ಬರೂ ಮಾತಾಡ್ತಾ ಇದ್ರೆ ಒಳ್ಳೇ ಜೋಡಿ."

ಧರಣೇಶ ಕಲಿತ. ಕಣ್ಣು ಕಟ್ಟಿ ಎರಡು ದಮ್ಮು ಎಳೆಸಿದರೆ ಎಲೆ ಯಾವ ಸೀಮೆದು, ಎಷ್ಟು ವರ್ಷ ಮಾಗಿದೆ, ಒಣಗಿಸೋವಾಗ ಮಳೆ ಹಿಡಿದಿತ್ತಾ, ಎಲ್ಲ ಹೇಳೋನು. ಗುರುಗಳು ಹೂಂ ಅನ್ನೋರು. ಅವರು ಹೂಂ ಅಂದರೆ ಅವನಿಗೆ ಅವತ್ತು ಹಬ್ಬ.

ಹಬ್ಬ ಅಂದೆನಲ್ಲ, ಈ ಕಥೆ ಶುರುವಾಗೋದೇ ಒಂದು ಹಬ್ಬದಿಂದ. ಪಕ್ಷದ ಹಬ್ಬ, ತೀರಿಕೊಂಡ ಹಿರಿಯರಿಗೆ ಎಡೆ ಇಡೋ ಹಬ್ಬ.

ಧರಣೇಶನ ಅಪ್ಪ ಜವರಪ್ಪ ತೀರಿಕೊಂಡು ವರ್ಷ ತುಂಬಿತ್ತು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಇದು ಅವರಿಗೆ ಮೊದಲ ಎಡೆ. ಆ ಕಡೆ ರೂಢಿ ನಿಮಗೆ ಗೊತ್ತಿರಬಹುದು. ಸತ್ತವರಿಗೆ ಏನೇನು ಇಷ್ಟವೋ ಎಲ್ಲ ಎಲೆಯ ಮೇಲೆ ಬರಬೇಕು. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಸೇದೋರಾಗಿದ್ದರೆ ಸೇದೋದು, ಕುಡಿಯೋರಾಗಿದ್ದರೆ ಕುಡಿಯೋದು. ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಹಿರಿಯರು ಬಂದು ಉಣ್ಣೋವಾಗ ಯಾರೂ ನೋಡಬಾರದು.

ಅವ್ವ ಮಗನಿಗೆ ಹೇಳಿದರು. "ಊಟದ್ದೆಲ್ಲ ನಾನು ನೋಡ್ಕೋತೀನಿ. ನಿಮ್ಮಪ್ಪಂಗೆ ಸೇದೋಕೆ, ಕುಡಿಯೋಕೆ ನೀನು ತಂದುಬಿಡು. ಊರೋರಿಗೆಲ್ಲ ಆರಿಸಿ ಕೊಡ್ತೀಯಲ್ಲ, ಅವರಿಗೂ ಒಂದು ಆರಿಸು."

ಸರಿ ಅಂದ ಧರಣೇಶ. ಆ ಸೋಮವಾರ ಗುರುಗಳ ಮುಂದೆ ಒಂದು ಪೆಟ್ಟಿಗೆ ಇಟ್ಟ. ಒಳಗೆ ಹತ್ತು ವರ್ಷ ಮಾಗಿಸಿದ ಎಲೆಯ ಒಂದು ಸಿಗಾರ್, ಪಕ್ಕದಲ್ಲಿ ಹದಿನೆಂಟು ವರ್ಷದ ಒಂದು ವಿಸ್ಕಿ. ಕ್ಲಬ್ಬಿನಲ್ಲಿ ಅದನ್ನ ಕೇಳೋ ತಾಕತ್ತು ಇಬ್ಬರಿಗೋ ಮೂವರಿಗೋ ಇತ್ತು ಅಷ್ಟೆ.

"ಏನಪ್ಪಾ ಇದು?"

"ಅಪ್ಪನ ಎಡೆಗೆ, ಗುರುಗಳೇ. ಇದಕ್ಕಿಂತ ಒಳ್ಳೇ ಜೋಡಿ ನನಗೆ ಗೊತ್ತಿಲ್ಲ."

ಗುರುಗಳು ಸಿಗಾರನ್ನ ಮೂಗಿನ ಹತ್ತಿರ ತಂದರು. ಕಿವಿ ಹತ್ತಿರ ಹಿಡಿದು ಒತ್ತಿ ನೋಡಿದರು. ಹೊದಿಕೆ ಎಲೆಯನ್ನ ಹೆಬ್ಬೆರಳಲ್ಲಿ ಸವರಿದರು. ಆಮೇಲೆ ಪೆಟ್ಟಿಗೆ ಮುಚ್ಚಿ ಅವನ ಕಡೆಗೇ ತಳ್ಳಿದರು.

"ಸೊಗಸಾಗಿದೆ. ಎತ್ತಿಡು. ನೀನು ಸತ್ತಾಗ ಇಡಿಸ್ಕೋ."

ಧರಣೇಶನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

"ತಪ್ಪೇನಾಯ್ತು ಗುರುಗಳೇ?"

"ಕ್ಲಬ್ಬಲ್ಲಿ ಸಾಹೇಬರು ಬಂದ್ರೆ ಮೊದಲು ಏನು ಕೇಳ್ತೀಯ?"

"ಊಟಕ್ಕೆ ಏನು ತಗೊಂಡ್ರಿ ಅಂತ. ಎಷ್ಟು ಹೊತ್ತು ಕೂರ್ತೀರಿ ಅಂತ. ಒಬ್ಬರೇನಾ, ಜೊತೆಗೆ ಯಾರಾದ್ರೂ ಇದಾರಾ ಅಂತ."

"ಅಪ್ಪನ್ನ ಏನು ಕೇಳಿದೆ?"

ಹೊಳೆ ಕಡೆ ನೋಡಿಕೊಂಡು ಕೂತ ಧರಣೇಶ.

"ನಿಮ್ಮಪ್ಪ ಏನು ಸೇದೋರು?"

"ಗೊತ್ತಿಲ್ಲ."

"ಸೇದ್ತಿದ್ರು ತಾನೇ?"

"ಸೇದ್ತಿದ್ರು. ನನ್ನೆದುರಿಗೆ ಸೇದ್ಲಿಲ್ಲ. ಹಿತ್ತಲಲ್ಲಿ ಬಚ್ಚಲ ಗೋಡೆ ಇದೆ, ಅದರ ಹಿಂದೆ ನಿಂತ್ಕೋತಿದ್ರು. ನಾನು ಆ ಕಡೆ ಹೋದ್ರೆ ಸಾಕು, ಟಕ್ಕಂತ ಎಸೆದುಬಿಡೋರು. ಕೈ ಹಿಂದಕ್ಕೆ ಕಟ್ಕೊಂಡು, ಏನೋ, ಊಟ ಆಯ್ತೇನೋ ಅನ್ನೋರು. ಬಾಯಿಂದ ಹೊಗೆ ಬರ್ತಾನೇ ಇರೋದು."

ಗುರುಗಳ ಮೀಸೆ ಅಲುಗಾಡಿತು.

"ಮತ್ತೆ ನೀನು?"

"ನಾನೂ ಅಷ್ಟೇ. ಮೂಲೆ ಅಂಗಡಿ ಹತ್ತಿರ ನಿಂತಿರ್ತಿದ್ದೆ. ಅಪ್ಪ ಡ್ಯೂಟಿ ಮುಗಿಸಿ ಬರೋದು ಕಂಡ ಕೂಡಲೇ ಎಸೆದುಬಿಡ್ತಿದ್ದೆ. ಅಪ್ಪನ ಮುಂದೆ ಹೆಂಗೆ ಸೇದೋದು, ಗುರುಗಳೇ? ಒಂದು ಸಲ, ಆಗ ತಾನೇ ಹಚ್ಚಿದ್ದ ಕ್ಯೂಬಾ ಸಿಗಾರು. ಸಾಹೇಬರೊಬ್ಬರು ಖುಷಿಯಾಗಿ ಕೊಟ್ಟಿದ್ರು. ಸೀದಾ ಚರಂಡಿಗೆ ಹೋಯ್ತು."

ಗುರುಗಳು ನಕ್ಕರು ನೋಡಿ, ಕೆಮ್ಮು ಬಂದು ಕಣ್ಣಲ್ಲಿ ನೀರು ಬರೋ ತನಕ ನಕ್ಕರು. ಧರಣೇಶನಿಗೂ ನಗು ಬಂತು. ನಗ್ತಾ ನಗ್ತಾನೇ ಅವನು ಪೆಟ್ಟಿಗೆಯನ್ನ ಚೀಲಕ್ಕೆ ತುರುಕಿದ.

"ನಾನು ಮಾಡೋ ಕೆಲಸ ಏನು ಅಂತ ಅವ್ವಂಗೆ ಹೇಳಿದ್ದೆ, ಅಪ್ಪಂಗೆ ಹೇಳಿರಲಿಲ್ಲ. ಕ್ಲಬ್ಬಲ್ಲಿ ಕೆಲಸ ಅಂದಿದ್ದೆ ಅಷ್ಟೆ. ದಿನಾ ಹೊಗೆ ಬಾಯಲ್ಲಿಟ್ಕೊಂಡು ಸಂಬಳ ತರ್ತೀನಿ ಅಂತ ಹೆಂಗೆ ಹೇಳಲಿ? ಅವರೂ ಕೇಳಲಿಲ್ಲ. ಈಗ ಎಡೆ ಇಡಬೇಕು, ನನ್ನಪ್ಪನಿಗೆ ಏನು ಇಷ್ಟ ಅಂತಾನೇ ಗೊತ್ತಿಲ್ಲ. ಎಂಥ ಮಗ ಗುರುಗಳೇ ನಾನು!"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇದೆ. ಅಪ್ಪ ಇಲ್ಲ, ಸರಿ. ಅವರ ಪಕ್ಕ ಕೂತೋರು ಯಾರಾದ್ರೂ ಇರ್ತಾರಲ್ಲ. ಹೋಗು."

ಧರಣೇಶ ಅವ್ವನನ್ನ ಕೇಳಿದ.

"ನನ್ನ ಕೇಳ್ತೀಯಲ್ಲೋ. ಮನೆ ಒಳಗೆ ಒಂದು ದಿನ ಹಚ್ಚಿದೋರಲ್ಲ. ಬಾಯಿ ವಾಸನೆ ಬರ್ತಿತ್ತು, ನಾನು ಬಯ್ತಿದ್ದೆ, ಅಷ್ಟೇ. ಯಾವುದು ಏನು ಅಂತ ನಾನ್ಯಾಕೆ ಕೇಳಲಿ?" ಅಂದರು ಅವ್ವ. ಆಮೇಲೆ ಅವರೇ ಅಂದರು, "ಖಾಸಿಂ ಸಾಬ್ರನ್ನ ಕೇಳು."

ಖಾಸಿಂ ಸಾಬ್ರು ಜವರಪ್ಪನ ಬಸ್ಸಿಗೇ ಕಂಡಕ್ಟರ್ ಆಗಿದ್ದವರು. ಒಂದೇ ಬಸ್ಸು, ಒಂದೇ ರೂಟು, ಹತ್ತೊಂಬತ್ತು ವರ್ಷ. ಈಗ ರಿಟೈರ್ ಆಗಿ ಮಗಳ ಮನೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಧರಣೇಶನನ್ನ ನೋಡಿದ್ದೇ ಪೇಪರ್ ಮಡಿಸಿದರು.

"ಬಾಪ್ಪಾ ಬಾ. ಜವರಪ್ಪನ ನಡಿಗೇನೇ ನಿಂದು."

"ಸಾಬ್ರೇ, ಅಪ್ಪ ಏನು ಸೇದ್ತಿದ್ರು?"

"ಚುಟ್ಟ."

"ಬೀಡಿ ಅಲ್ವಾ? ನಾನು ಬೀಡಿ ಅಂದ್ಕೊಂಡಿದ್ದೆ."

"ಬೀಡಿ ಕೊಟ್ರೆ ಬಯ್ಯೋನು. ಇದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ ಅನ್ನೋನು. ಡಿಪೋ ಹಿಂದೆ ಒಬ್ಬ ಮುದುಕಪ್ಪ ಕೈಯಲ್ಲಿ ಸುತ್ತಿ ಮಾರ್ತಾನೆ, ಅವನದ್ದೇ ಆಗಬೇಕು. ಅದೂ ಪೂರ್ತಿ ಸೇದೋನಲ್ಲ. ರಜೆ ಹಿಂದಿನ ದಿನ ಸಾಯಂಕಾಲ ಗಾಡಿ ನಿಲ್ಲಿಸಿ, ಅರ್ಧ. ಇನ್ನರ್ಧ ಮಾರನೇ ದಿನ, ರಜೆ ದಿನ."

"ಅರ್ಧಕ್ಕೆ ಹೊಸಕಿ ಆರಿಸ್ತಿದ್ರಾ?"

"ಹೊಸಕೋದಾ! ನಾನೊಂದು ಸಲ ಹೊಸಕಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ತಾನಾಗೇ ಆರಬೇಕು ಅನ್ನೋನು. ಕಲ್ಲಿನ ಮೇಲೆ ಇಟ್ಟು ಕಾಯೋನು."

ಧರಣೇಶ ಬೆರಗಾಗಿ ಕೂತ. ಕ್ಲಬ್ಬಿಗೆ ಹೊಸದಾಗಿ ಬಂದ ಸಾಹೇಬರಿಗೆ ಅವನು ಹೇಳಿಕೊಡೋದೂ ಅದನ್ನೇ. ಹೊಸಕಬೇಡಿ ಸಾರ್, ತಾನಾಗೇ ಆರಲಿ. ಹತ್ತು ಸಲ ಹೇಳಿದರೂ ಕೇಳೋರಲ್ಲ ಅವರು.

"ಕುಡಿಯೋದು, ಸಾಬ್ರೇ?"

"ಡ್ಯೂಟಿ ಇದ್ರೆ ಮೂಸಿಯೂ ನೋಡ್ತಿರಲಿಲ್ಲ, ಅದು ಮಾತ್ರ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ರಜೆ ದಿನ ಒಂದು ಕ್ವಾರ್ಟರ್ ರಮ್ಮು. ಬಿಸಿನೀರು ಬೆರೆಸ್ಕೊಂಡು. ಪಕ್ಕದಲ್ಲಿ ಒಂದು ಅಚ್ಚು ಬೆಲ್ಲ. ಒಂದು ದಮ್ಮು, ಚೂರು ಬೆಲ್ಲ, ಒಂದು ಗುಟುಕು. ನಾನು ಕುಡಿಯೋನಲ್ಲ, ಎದುರಿಗೆ ಟೀ ಹಿಡ್ಕೊಂಡು ಕೂರ್ತಿದ್ದೆ. ಬೆಲ್ಲದಲ್ಲಿ ನನಗೂ ಪಾಲು."

ಹೊರಡೋವಾಗ ಸಾಬ್ರು ಅವನ ಕೈ ಹಿಡಿದುಕೊಂಡರು.

"ನೀನು ವಾಸನೆ ನೋಡೇ ಎಲೆ ಯಾವೂರದ್ದು ಅಂತ ಹೇಳ್ತೀಯಂತೆ. ಹೌದಾ?"

"ನಿಮಗೆ ಯಾರು ಹೇಳಿದ್ರು?"

"ಯಾರೇನು, ನಿಮ್ಮಪ್ಪ. ಬಸ್ಸು ಹತ್ತಿದೋರಿಗೆಲ್ಲ ಹೇಳೋನು. ನಮ್ಮ ಹುಡುಗನ ಮೂಗು ಅಂದ್ರೆ ಮೂಗು, ಅಂತ."

"ಅಪ್ಪಂಗೆ ಗೊತ್ತಿತ್ತಾ?" ಧರಣೇಶನ ದನಿ ಏರಿತು. "ಮತ್ತೆ ನನ್ನ ಹತ್ತಿರ ಒಂದು ಮಾತೂ ಕೇಳ್ಲಿಲ್ಲವಲ್ಲ ಸಾಬ್ರೇ!"

"ಕೇಳಿದ್ರೆ ನೀನು ಅವನ ಮುಂದೆ ತಲೆ ತಗ್ಗಿಸಬೇಕಿತ್ತಲ್ಲಪ್ಪಾ. ಅದು ಅವನಿಗೆ ಬೇಡವಾಗಿತ್ತು."

ಆವತ್ತು ಧರಣೇಶ ಬೈಕ್ ತಳ್ಳಿಕೊಂಡೇ ಡಿಪೋ ತನಕ ನಡೆದ. ಸ್ಟಾರ್ಟ್ ಮಾಡೋದು ನೆನಪಿಗೇ ಬರಲಿಲ್ಲ.

ಡಿಪೋ ಹಿಂದಿನ ಮುದುಕಪ್ಪನ ಹತ್ತಿರ ಎರಡೇ ಚುಟ್ಟ ಉಳಿದಿದ್ದವು. "ಪಕ್ಷ ಅಲ್ವಾ, ಎಡೆಗೆ ಅಂತ ಎಲ್ಲ ಒಯ್ದರು. ನಾಳೆಯಿಂದ ಅಂಗಡಿ ಇಲ್ಲ, ನಾನೂ ಊರಿಗೆ ಹೋಗಬೇಕು, ನಮ್ಮಪ್ಪಂಗೂ ಇಡಬೇಕಲ್ಲ" ಅಂದ. ಧರಣೇಶ ಎರಡನ್ನೂ ತಂದ. ಒಂದು ಕ್ವಾರ್ಟರ್ ರಮ್ಮು ತಂದ. ಬೆಲ್ಲ ಮನೆಯಲ್ಲಿತ್ತು.

ಇನ್ನು ಅವನು ಮಾಡಿದ ಕೆಲಸ ಕೇಳಿ. ಬೇರೆ ಯಾರಾದರೂ ಆಗಿದ್ದರೆ ತಂದದ್ದನ್ನ ಹಾಗೇ ದೇವರ ಗೂಡಿನಲ್ಲಿ ಎತ್ತಿಡೋರು. ಇವನ ಕಸುಬು ಸುಮ್ಮನಿರಲಿಕ್ಕೆ ಬಿಡಬೇಕಲ್ಲ!

ಒಂದು ಚುಟ್ಟವನ್ನ ಉದ್ದಕ್ಕೆ ಸೀಳಿ, ಎಲೆ ಎಲೆ ಬಿಡಿಸಿ ನೋಡಿದ. ಒರಟು ಎಲೆ, ದಪ್ಪ ನರ. ಇನ್ನೊಂದನ್ನ ಅಮಾವಾಸ್ಯೆ ಹಿಂದಿನ ಸಾಯಂಕಾಲ ಹಿತ್ತಲಿಗೆ ಒಯ್ದು, ಅಪ್ಪ ನಿಲ್ಲುತ್ತಿದ್ದ ಗೋಡೆ ಹಿಂದೆ ನಿಂತು ಹಚ್ಚಿದ. ಘಾಟು ಅಂದರೆ ಘಾಟು. ಮೂರು ವರ್ಷ ನಾಜೂಕು ಮಾಡಿದ ನಾಲಿಗೆ ಅಯ್ಯಯ್ಯೋ ಅಂತು. ಆದರೂ ಅರ್ಧ ಸೇದಿದ. ಕಲ್ಲಿನ ಮೇಲಿಟ್ಟ. ತಾನಾಗೇ ಆರೋ ತನಕ ಕಾದ.

ಬೆಳಿಗ್ಗೆ ಅದನ್ನೇ ಮತ್ತೆ ಹಚ್ಚಿದ. ಒಮ್ಮೆ ಆರಿದ ಚುಟ್ಟ ಮಾರನೇ ದಿನಕ್ಕೆ ಇನ್ನೂ ಕಹಿಯಾಗಿ, ಇನ್ನೂ ಒಗರಾಗಿ ಇರುತ್ತೆ. ಒಂದು ದಮ್ಮು ಎಳೆದ. ಬೆಲ್ಲ ಕಚ್ಚಿದ. ಬಿಸಿನೀರಿನ ರಮ್ಮು ಒಂದು ಗುಟುಕು ಕುಡಿದ.

ಕಹಿ ಎಲ್ಲಿ ಹೋಯಿತೋ! ಬೆಲ್ಲ ಅದರ ಕೈ ಹಿಡಿದು ಕೂರಿಸಿತು, ರಮ್ಮಿನ ಬಿಸಿ ಆ ಒಗರನ್ನ ತಿರುಗಿಸಿ ಘಮ ಮಾಡಿಬಿಟ್ಟಿತು. ಇನ್ನೊಂದು ದಮ್ಮು ಎಳೆದು ನೋಡಿದ. ಅದೇ. ಹೊಸ ಚುಟ್ಟಕ್ಕೆ ಈ ಬೆಲ್ಲ ಜಾಸ್ತಿಯಾಗುತ್ತಿತ್ತು. ತಣ್ಣೀರಾಗಿದ್ದರೆ ರಮ್ಮು ಬೇರೆ, ಚುಟ್ಟ ಬೇರೆ ಆಗುತ್ತಿತ್ತು. ಅರ್ಧ ಚುಟ್ಟಕ್ಕೇ, ಮಾರನೇ ದಿನಕ್ಕೇ ಅಂತ ಲೆಕ್ಕ ಹಾಕಿ ಕೂಡಿಸಿದ ಜೋಡಿ ಅದು.

ಅವನಿಗೆ ಕುಣಿಯೋ ಹಾಗಾಯಿತು. ಬಚ್ಚಲ ಗೋಡೆಗೆ ಒರಗಿ ನಿಂತು ಒಬ್ಬನೇ ಅತ್ತ ಕೂಡ. ಚುಟ್ಟ ಆರೋ ತನಕ ಕಾದು, ಜೋಪಾನವಾಗಿ ಒಂದು ಕಾಗದದಲ್ಲಿ ಸುತ್ತಿ, ಕ್ವಾರ್ಟರ್ ಬಾಟಲಿ, ಬೆಲ್ಲ ಎಲ್ಲ ತಂದು ಎಲೆಯ ಪಕ್ಕ ಇಟ್ಟ.

ಅವ್ವ ಎಡೆಗೆ ಬಡಿಸುತ್ತಿದ್ದವರು ನಿಂತರು.

"ಇದೇನೋ, ಅರ್ಧ?"

"ಅಪ್ಪ ಅರ್ಧವೇ ಸೇದ್ತಿದ್ದದ್ದವ್ವ."

"ಮಿಕ್ಕರ್ಧ ಎಲ್ಲಿ?"

ಧರಣೇಶ ಬಾಯಿ ಒರೆಸಿಕೊಂಡ. ಅವ್ವ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಮುಚ್ಚಳದ ಸೀಲು ಒಡೆದಿತ್ತು.

"ಕುಡಿದ್ಯಾ?"

"ರುಚಿ ನೋಡಿದೆ, ಅವ್ವ. ಒಂದೇ ಗುಟುಕು. ಸರಿಯಾಗಿದೆಯಾ ಅಂತ ನೋಡಬೇಕಲ್ಲ?"

"ಎಂಜಲು ಮಾಡಿದ್ಯಲ್ಲೋ!" ಅವ್ವ ಕೈಯಲ್ಲಿದ್ದ ಸೌಟನ್ನ ಕುಕ್ಕಿದರು. "ಹಿರಿಯರಿಗೆ ಅಂತ ಮೀಸಲು ಮಾಡಿದ ಹಿಟ್ಟನ್ನ ನಾನು ಉಪ್ಪು ಕೂಡ ನೋಡದೆ ವಡೆ ತಟ್ಟಿದೀನಿ. ನೀನು ಕುಡಿದು ಬಿಟ್ಟಿದ್ದು, ಸೇದಿ ಬಿಟ್ಟಿದ್ದು ತಂದು ಅವರ ಎಲೆಗಿಡ್ತೀಯಾ? ಬದುಕಿದ್ದಾಗ ಅವರೆದುರು ಒಂದು ದಮ್ಮು ಎಳೆಯದೋನು, ಈಗ ನಿನ್ನ ಬಾಯೊಳಗಿನದ್ದನ್ನ ಕೊಡ್ತೀಯಾ?"

ಧರಣೇಶ ಡಿಪೋ ಹಿಂದಕ್ಕೆ ಓಡಿದ. ಅಂಗಡಿಗೆ ಬೀಗ. ಬೇರೆ ಎರಡು ಕಡೆ ಹುಡುಕಿದ. ಚುಟ್ಟ ಸಿಗಲಿಲ್ಲ. ವಾಪಸ್ಸು ಬರೋ ಹೊತ್ತಿಗೆ ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಆಗಿತ್ತು. ಅವ್ವ ಹೊಸಿಲ ಹೊರಗೆ ಸೆರಗಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

"ಮೊದಲನೇ ಎಡೆ ಕಣೋ," ಅಂದರು. "ಉಂಡು ಕೈ ತೊಳೆದು, ಒಂದು ದಮ್ಮಿಗೂ ಗತಿಯಿಲ್ಲದೆ ಹೋಗ್ತಾರಲ್ಲೋ."

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತನ್ನ ಅವನಿಗೆ ತಡೆಯಲಾಗಲಿಲ್ಲ. ಕಾಗದದ ಪೊಟ್ಟಣ, ಬಾಟಲಿ, ಬೆಲ್ಲ ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದ.

ಹೊಳೆ ದಂಡೆ ತಲುಪಿದಾಗ ಬಿಸಿಲು ಇಳಿದಿತ್ತು. ಗುರುಗಳು ಒಲೆ ಮುಂದೆ ಕೂತು ನೀರು ಕಾಯಿಸುತ್ತಿದ್ದರು. ಧರಣೇಶ ಹೋದವನೇ ಕಾಲ ಹತ್ತಿರ ಕುಸಿದ. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದ.

ಗುರುಗಳು ಕೇಳಿದ್ದು ಒಂದೇ. "ರುಚಿ ಹೆಂಗಿತ್ತು?"

ಬೇರೆ ದಿನವಾಗಿದ್ದರೆ ಧರಣೇಶ ಎಲೆ, ಸೀಮೆ, ಮಾಗಿದ ವರ್ಷ ಎಲ್ಲ ಒಪ್ಪಿಸೋನು.

"ಅಪ್ಪಂಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಗುರುಗಳೇ," ಅಂದ. "ಯಾರ ಹತ್ತಿರವೂ ಕಲಿಯದೆ, ಒರಟು ಎಲೆ, ಸಾದಾ ರಮ್ಮು ಇಟ್ಕೊಂಡು... ಇಷ್ಟು ಸರಿಯಾದ ಜೋಡಿ ನಾನೊಂದು ದಿನ ಕೂಡಿಸಿಲ್ಲ. ಒಂದು ಸಲ, ಒಂದೇ ಒಂದು ಸಲ ಅವರ ಪಕ್ಕ ಕೂತು, ಇದು ಹೆಂಗೆ ಹೊಳೀತಪ್ಪಾ ನಿಂಗೆ ಅಂತ ಕೇಳಬೇಕಿತ್ತು."

"ಹೂಂ," ಅಂದರು ಗುರುಗಳು.

"ಈಗ ಅದನ್ನೂ ಎಂಜಲು ಮಾಡಿಬಿಟ್ಟೆ."

"ಬಾಯಿಗಿಡದೆ ಕೊಡಬೇಡ ಅಂದೋನು ನಾನು. ಬಾಯಿಗಿಟ್ಟದ್ದು ಕೊಡಬೇಡ ಅಂದೋರು ನಿಮ್ಮವ್ವ. ನಂದೂ ಸರಿ, ಅವರದ್ದೂ ಸರಿ."

"ಹಂಗಾದ್ರೆ ನಾನೇನು ಮಾಡಲಿ?"

"ತಿನ್ನೋರು ನಿಮ್ಮಪ್ಪ. ಅವರನ್ನೇ ಕೇಳೋಣ. ಅಮಾವಾಸ್ಯೆ ಇನ್ನೂ ಮುಗಿದಿಲ್ಲ."

ಗುರುಗಳು ಎದ್ದು ಒಂದು ಬಾಳೆ ಎಲೆ ಕೊಯ್ದು ತಂದರು. ನೀರಿನ ಅಂಚಿನಲ್ಲಿ ಚಪ್ಪಟೆ ಬಂಡೆಯ ಮೇಲೆ ಹಾಸಿದರು. ಒಂದು ಲೋಟಕ್ಕೆ ರಮ್ಮು ಬಗ್ಗಿಸಿ, ಒಲೆ ಮೇಲಿನ ಬಿಸಿನೀರು ಬೆರೆಸಿದರು. ಪಕ್ಕದಲ್ಲಿ ಬೆಲ್ಲ. ಆಮೇಲೆ ಚುಟ್ಟವನ್ನ ಅವನ ಕೈಗೇ ಕೊಟ್ಟರು.

"ಹಚ್ಚು."

"ಬಾಯಿಗಿಡೋಕೆ ಆಗಲ್ಲ, ಗುರುಗಳೇ. ಅಪ್ಪನೆದುರಿಗೆ..."

"ಬಾಯಿ ಯಾಕೆ? ಕೆಂಡ ಇದೆ, ನಿಂಗೆ ಕೈ ಇದೆ."

ಧರಣೇಶ ಒಲೆಯಿಂದ ಕೆಂಡ ತೆಗೆದು, ಚುಟ್ಟದ ತುದಿ ಅದಕ್ಕೆ ತಾಗಿಸಿ, ಸುತ್ತಲೂ ತಿರುಗಿಸಿ ತಿರುಗಿಸಿ, ಕೈಯಲ್ಲೇ ಗಾಳಿ ಬೀಸಿದ. ನಿಧಾನಕ್ಕೆ ತುದಿ ಕೆಂಪಾಯಿತು. ಎಲೆಯ ಅಂಚಿನಲ್ಲಿ, ಬಂಡೆಗೆ ಒರಗಿಸಿ ಇಟ್ಟ. ಕೈ ಮುಗಿದ.

"ಅಪ್ಪಾ, ತಪ್ಪಾಯ್ತು. ಗೊತ್ತಿಲ್ಲದೆ ಮಾಡಿದೆ. ನೀನು ಬೇಡ ಅನ್ನಬೇಡ," ಅಂದ.

"ಇಲ್ಲಿ ಬಾಗಿಲಿಲ್ಲ," ಅಂದರು ಗುರುಗಳು. "ನಾವೇ ಬೆನ್ನು ಮಾಡಿ ಕೂರಬೇಕು. ಬಾ."

ಇಬ್ಬರೂ ಹತ್ತು ಹೆಜ್ಜೆ ಈಚೆಗೆ ಬಂದು, ಹೊಳೆಗೆ ಬೆನ್ನು ಹಾಕಿ ಹುಲ್ಲಿನ ಮೇಲೆ ಕೂತರು. ಎದುರಿಗೆ ಹೊಲ. ಹೊಲದಾಚೆ ಯಾರೋ ಎತ್ತು ಹೊಡೆದುಕೊಂಡು ಮನೆಗೆ ಹೋಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ಚುಟ್ಟದ ಘಾಟು ಗಾಳಿಯಲ್ಲಿ ಬಂತು.

ಎಳೆಯೋರಿಲ್ಲದ ಚುಟ್ಟ ಎಷ್ಟು ಹೊತ್ತು ಉರಿಯುತ್ತೆ ಅನ್ನೋದು ಧರಣೇಶನಿಗೆ ಗೊತ್ತು. ಅವನ ಕಸುಬೇ ಅದು. ಐದು ನಿಮಿಷ, ಗಾಳಿ ಇದ್ದರೆ ಏಳು. ಅವನು ಮನಸ್ಸಿನಲ್ಲೇ ಎಣಿಸತೊಡಗಿದ. ಐದು ಕಳೆಯಿತು. ಘಾಟು ಬರುತ್ತಲೇ ಇತ್ತು. ಏಳು ಕಳೆಯಿತು. ಎತ್ತಿನವನು ಮರೆಯಾದ. ಘಾಟು ಇನ್ನೂ ಇತ್ತು. ಗಾಳಿ ಜೋರಿರಬೇಕು ಅಂದುಕೊಂಡ. ಅವನೆದುರಿನ ಹುಲ್ಲಿನ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

ಬಟ್ಟೆಯಲ್ಲಿ ಹಿಡಿದ ಹೊಗೆಯೋ, ಮೂಗಿನಲ್ಲಿ ಉಳಿದ ನೆನಪೋ, ಅವನಿಗೂ ಹೇಳಲಾಗಲಿಲ್ಲ. ಎಂಥೆಂಥ ಎಲೆಯನ್ನೋ ಕಂಡುಹಿಡಿದ ಮೂಗು ಅದು, ಇವತ್ತು ಅದನ್ನ ನಂಬಲಿಕ್ಕೆ ಅವನಿಗೆ ಧೈರ್ಯ ಸಾಲಲಿಲ್ಲ.

"ಗುರುಗಳೇ," ಅಂದ ಪಿಸುದನಿಯಲ್ಲಿ. "ವಾಸನೆ ಬರ್ತಿದೆಯಾ ನಿಮಗೆ?"

ಗುರುಗಳು ಹೊಲದ ಕಡೆಗೇ ನೋಡುತ್ತಿದ್ದರು.

"ಇಷ್ಟೊತ್ತಿಗೆ ಆರಬೇಕಿತ್ತು. ಆರಿದೆಯೋ, ಇಲ್ವೋ, ಒಂದು ಸಲ ನೋಡಿಬಿಡ್ತೀನಿ. ಒಪ್ಪಿಕೊಂಡ್ರು ಅಂತ ಅವ್ವಂಗೆ ಹೋಗಿ ಹೇಳಬೇಕು ನಾನು. ಒಂದೇ ಸಲ, ಗುರುಗಳೇ. ಅಪ್ಪ ಸೇದೋದನ್ನ ನಾನು ಯಾವತ್ತೂ ನೋಡೇ ಇಲ್ಲ."

ಅವನು ಮೊಣಕಾಲ ಮೇಲೆ ಕೈಯೂರಿ ತಿರುಗಲು ಹೊರಟ. ಗುರುಗಳು ಅವನ ತೋಳು ಹಿಡಿದು, ಮೆಲ್ಲಗೆ, ಇದ್ದಲ್ಲೇ ಕೂರಿಸಿದರು.

"ತಿರುಗಬೇಡ ಕಣೋ. ನೀನು ತಿರುಗಿದ್ರೆ, ಪಾಪ, ಎಸೆದುಬಿಡ್ತಾರೆ."